ಎಡಿಕ್ಟ್ ಎಂಬ ಶಬ್ದವೂ ಬ್ರಹ್ಮಗಿರಿಯ ಬಂಡೆಯೂ

ಚಳ್ಳಕೆರೆಯ ಬಯಲನ್ನು ಹಿಂದೆ ಬಿಟ್ಟು ಉತ್ತರಕ್ಕೆ ಮೊಳಕಾಲ್ಮೂರು ಸೀಮೆಯೊಳಕ್ಕೆ ಹೋದಂತೆಲ್ಲ, ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಗುಂಡುಗಳ ಬೆಟ್ಟಗಳು ಎದುರಾಗುವುವು. ಈ ಸೀಮೆಯಲ್ಲಿ ಚಿನ್ನ ಹಗರಿಯ ಆಸುಪಾಸಿನ ಮೂರು ಗುಂಡುಗಳಿಗೆ ಜನರು ತಲೆಮಾರುಗಳಿಂದ ಬೇರೆಬೇರೆ ಹೆಸರುಗಳನ್ನಿಟ್ಟುಕೊಂಡು ಬಂದಿರುವರು. ಬ್ರಹ್ಮಗಿರಿಯ ಬುಡದಲ್ಲಿರುವುದು ಅಕ್ಷರಗುಂಡು. ಅಲ್ಲಿಂದ ಒಂದು ಮೈಲಿಯಷ್ಟು ದೂರದಲ್ಲಿ, ಸಿದ್ಧಾಪುರದ ಬಳಿ ಇರುವುದಕ್ಕೆ ಎಮ್ಮೆ ಕಾಯುತ್ತಿದ್ದ ತಿಮ್ಮಯ್ಯನೊಬ್ಬನ ಹೆಸರು ಅಂಟಿಕೊಂಡಿದೆ. ಜಟಾಯುವು ಬಿದ್ದ ಸ್ಥಳವೆಂದು ಭಕ್ತರು ನಂಬುವ ಜಟಿಂಗರಾಮೇಶ್ವರದ ಬೆಟ್ಟದ ಮೇಲಿರುವುದು ಬಳೆಗಾರ ಗುಂಡು; ಪರಿಷೆಯ ಕಾಲದಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಬಂಡೆಯಾದುದರಿಂದ ಅದಕ್ಕೆ ಆ ಹೆಸರು. ಈ ಮೂರು ಹೆಸರುಗಳಲ್ಲಿ ಒಂದಾದರೂ ಅರಸನನ್ನು ನೆನೆಯುವುದಿಲ್ಲ.

ಅರಸನ ನೆನಪು ಬಂದುದು ೧೮೯೨ರಲ್ಲಿ. ಆ ವರ್ಷ ಮೈಸೂರು ಸಂಸ್ಥಾನದ ಪ್ರಾಚೀನ ಸಂಶೋಧನೆಯ ಕಾರ್ಯದಲ್ಲಿದ್ದ ಬಿ. ಎಲ್. ರೈಸ್‌ ಅವರು ಈ ಮೂರು ಗುಂಡುಗಳ ಮೇಲಿರುವ ಬರಹವು ಮೌರ್ಯ ಚಕ್ರವರ್ತಿಯಾದ ಅಶೋಕನದೆಂದು ಗುರುತಿಸಿ ಲೋಕಕ್ಕೆ ತಿಳಿಸಿದರು. ಅದೇ ವರ್ಷ ಅವರು ಪ್ರಕಟಿಸಿದ ಪುಸ್ತಕಕ್ಕೆ 'ಎಡಿಕ್ಟ್ಸ್ ಆಫ್ ಅಶೋಕ ಇನ್ ಮೈಸೂರ್' ಎಂದು ಹೆಸರು. ಎಮ್ಮೆಯ ತಿಮ್ಮಯ್ಯನ ಗುಂಡು ಅಂದಿನಿಂದ ವಿದ್ವಲ್ಲೋಕಕ್ಕೆ 'ಎಡಿಕ್ಟ್' ಆಯಿತು. ಆ ಶಬ್ದವೇ ಪಾಠಶಾಲೆಯ ಪುಸ್ತಕಗಳಿಗೂ ಇಳಿಯಿತು. ಮಕ್ಕಳು ಅದನ್ನು 'ರಾಜಾಜ್ಞೆ' ಎಂದು ಕನ್ನಡಿಸಿ ಬಾಯಿಪಾಠ ಮಾಡಿದರು. ಬಂಡೆಯ ಮೇಲಿನ ಮಾತು ರಾಜಾಜ್ಞೆಯೇ ಅಹುದೋ ಎಂಬ ಪ್ರಶ್ನೆಯನ್ನು ಕೇಳಬೇಕಾದರೆ, ಮೊದಲು ಆ ಇಂಗ್ಲಿಷ್ ಶಬ್ದದ ಕುಲಗೋತ್ರಗಳನ್ನು ವಿಚಾರಿಸಬೇಕಾಗುತ್ತದೆ.

ಎಡಿಕ್ಟ್ ಎಂಬುದು ಲ್ಯಾಟಿನ್ ಭಾಷೆಯ 'ಎಡಿಕ್ಟುಮ್' ಎಂಬ ಪದದಿಂದ ಬಂದುದು. 'ಎ' ಅಥವಾ 'ಎಕ್ಸ್' ಎಂದರೆ ಹೊರಗೆ. 'ಡೀಕೆರೆ' ಎಂದರೆ ನುಡಿಯುವುದು. ಆದುದರಿಂದ ಹೊರಗೆಡಹಿ ನುಡಿದುದು, ನಾಲ್ವರು ಕೇಳುವಂತೆ ಸಾರಿದುದು ಎಡಿಕ್ಟುಮ್ ಎನ್ನಿಸಿಕೊಂಡಿತು. ಇಂಗ್ಲಿಷಿನಲ್ಲಿ ಈ ಪದವು ಸುಮಾರು ಕ್ರಿ. ಶ. ೧೩೦೦ರ ಹೊತ್ತಿಗೆ ಫ್ರೆಂಚರ ಬಾಯಿಂದ 'ಎಡಿಟ್' ಎಂಬ ರೂಪದಲ್ಲಿ ಕಾಣಿಸಿಕೊಂಡು, ಹದಿನೈದನೆಯ ಶತಮಾನದಲ್ಲಿ ಲ್ಯಾಟಿನ್ನಿನ ಕಕಾರವನ್ನು ಮರಳಿ ಪಡೆದು ಈಗಿನ ಆಕಾರಕ್ಕೆ ನಿಂತಿತು. ಪತ್ರಿಕೆಗಳ ಸಂಪಾದಕರು ಮಾಡುವ 'ಎಡಿಟ್' ಎಂಬ ಕೆಲಸವು ಈ ಪದದ ದಾಯಾದಿಯಲ್ಲ. ಅದು 'ಹೊರಗೆ ಕೊಡು' ಎಂಬರ್ಥದ ಬೇರೊಂದು ಧಾತುವಿನಿಂದ ಬಂದುದು. ಸಂಪಾದಕರು ಆಜ್ಞೆ ಮಾಡುವವರಲ್ಲವೆಂದು ಲೇಖಕರು ಇದರಿಂದ ಸಮಾಧಾನ ಪಡಬಹುದು.

'ಡೀಕೆರೆ' ಎಂಬ ಆ ಧಾತುವು ಮಾತ್ರ ಸಂಸ್ಕೃತಜ್ಞರಿಗೆ ಅಪರಿಚಿತವಲ್ಲ. ಭಾಷಾಶಾಸ್ತ್ರಜ್ಞರು ಅದನ್ನು ನಮ್ಮ 'ದಿಶ್' ಧಾತುವಿನ ಒಡಹುಟ್ಟೆಂದು ನಿಶ್ಚಯಿಸಿರುವರು. ಮೂಲದಲ್ಲಿ ಇದರ ಅರ್ಥ ತೋರಿಸುವುದು, ಬೆರಳು ಚಾಚಿ ನಿರ್ದೇಶಿಸುವುದು. ಲ್ಯಾಟಿನ್ನಿನಲ್ಲಿ ತೋರಿಸುವುದೇ ನುಡಿಯುವುದಾಯಿತು. ಗ್ರೀಕ್ ಭಾಷೆಯಲ್ಲಿ 'ಡೈಕ್ನುಮಿ' ಎಂಬ ಕ್ರಿಯೆಯಾಗಿ ತೋರಿಸುವ ಅರ್ಥವೇ ಉಳಿಯಿತು. ಸಂಸ್ಕೃತದಲ್ಲಿ ದಿಕ್ಕು, ದೇಶ, ನಿರ್ದೇಶ, ಸಂದೇಶ, ಆದೇಶ, ಉಪದೇಶ ಎಂದು ಒಂದು ದೊಡ್ಡ ಸಂಸಾರವೇ ಬೆಳೆಯಿತು. ಆದೇಶವೂ ಉಪದೇಶವೂ ಒಂದೇ ತಾಯಿಯ ಮಕ್ಕಳು. ಉಪಸರ್ಗವೊಂದು ಬದಲಾದ ಮಾತ್ರಕ್ಕೆ ಒಂದು ಸಿಂಹಾಸನದ ಮಾತಾಯಿತು, ಇನ್ನೊಂದು ಗುರುವಿನ ಮಾತಾಯಿತು. ಎಡಿಕ್ಟ್ ಈ ಎರಡರಲ್ಲಿ ಯಾವುದರ ಪಕ್ಷ ಎಂಬುದನ್ನು ನೋಡಬೇಕು.

ಪ್ರಾಚೀನ ರೋಮಿನಲ್ಲಿ ಪ್ರೀಟರ್ ಎಂಬ ನ್ಯಾಯಾಧಿಕಾರಿಯು ಅಧಿಕಾರಕ್ಕೆ ಬಂದೊಡನೆ, ತನ್ನ ವರ್ಷದಲ್ಲಿ ತಾನು ಯಾವ ನಿಯಮಗಳನ್ನು ಅನುಸರಿಸಿ ವ್ಯಾಜ್ಯಗಳನ್ನು ತೀರ್ಮಾನಿಸುವೆನೆಂಬುದನ್ನು ಸುಣ್ಣ ಬಳಿದ ಹಲಗೆಯ ಮೇಲೆ ಬರೆಯಿಸಿ ಚೌಕದಲ್ಲಿ ನಿಲ್ಲಿಸುತ್ತಿದ್ದನು. ಈ ಪ್ರಕಟನೆಗೇ ಎಡಿಕ್ಟುಮ್ ಎಂದು ಹೆಸರು. ಬಿಳಿಯ ಹಲಗೆಗೆ 'ಆಲ್ಬುಮ್' ಎನ್ನುತ್ತಿದ್ದರು. ಮನೆಮನೆಯ ಮದುವೆಯ ಚಿತ್ರಗಳ ಆಲ್ಬಮ್ಮಿಗೆ ಅದೇ ಮೂಲ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಮೊದಲ ಎಡಿಕ್ಟು ಪ್ರಜೆಗಳಿಗೆ ವಿಧಿಸಿದ ಅಪ್ಪಣೆ ಎನ್ನುವುದಕ್ಕಿಂತ, ಅಧಿಕಾರಿಯು ತನ್ನ ನಡತೆಯ ಬಗ್ಗೆ ತಾನೇ ಕೊಟ್ಟ ಮಾತು ಎನ್ನುವುದೇ ಹೆಚ್ಚು ಸರಿ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಸಾಲ್ವಿಯಸ್ ಜೂಲಿಯಾನಸ್ ಎಂಬ ನ್ಯಾಯವೇತ್ತನು ಈ ಪ್ರಕಟನೆಗಳನ್ನೆಲ್ಲ ಕ್ರೋಡೀಕರಿಸಿ ಸ್ಥಿರಗೊಳಿಸಿದನು. ಆಮೇಲೆ ಎಡಿಕ್ಟು ಚಕ್ರವರ್ತಿಗಳ ಸೊತ್ತಾಯಿತು. ಮಾತು ಕೊಡುವುದು ಹೋಗಿ ಅಪ್ಪಣೆ ಕೊಡುವುದು ಉಳಿಯಿತು. ಯೂರೋಪಿನ ಚರಿತ್ರೆಯನ್ನು ಓದಿದವರಿಗೆ ೧೫೯೮ರಲ್ಲಿ ಫ್ರಾನ್ಸಿನ ನಾಲ್ಕನೆಯ ಹೆನ್ರಿ ಹೊರಡಿಸಿದ ನ್ಯಾಂಟ್ಸ್ ಎಡಿಕ್ಟು ತಿಳಿದಿರಬಹುದು. ಪ್ರಾಟೆಸ್ಟಂಟರಿಗೆ ಅದು ಕೊಟ್ಟ ಅಭಯವನ್ನು ಅವನ ಮೊಮ್ಮಗನಾದ ಹದಿನಾಲ್ಕನೆಯ ಲೂಯಿ ೧೬೮೫ರಲ್ಲಿ ಇನ್ನೊಂದು ಎಡಿಕ್ಟಿನಿಂದ ಅಳಿಸಿಹಾಕಿದನು. ಒಂದೇ ನುಡಿ ಅಭಯಕ್ಕೂ ಬಂದಿತು, ಭಯಕ್ಕೂ ಬಂದಿತು. ಈಗಿನ ಇಂಗ್ಲಿಷಿನಲ್ಲಿ ಸರ್ಕಾರಗಳು ಆರ್ಡರ್, ಆಕ್ಟ್, ಆರ್ಡಿನೆನ್ಸ್, ನೋಟಿಫಿಕೇಷನ್ ಎನ್ನುವುವೇ ಹೊರತು ತಮ್ಮ ಮಾತನ್ನು ಎಡಿಕ್ಟ್ ಎಂದುಕೊಳ್ಳುವುದು ಅಪರೂಪ. ಆ ಪದದಲ್ಲಿ ಯಾರನ್ನೂ ಕೇಳದೆ ಮೇಲಿನಿಂದ ಇಳಿದ ಕಟ್ಟಳೆಯ ವಾಸನೆ ಸೇರಿಕೊಂಡಿರುವುದರಿಂದ, ಅದನ್ನು ಹೆಚ್ಚಾಗಿ ಪ್ರಯೋಗಿಸುವವರು ಆಜ್ಞೆ ಮಾಡುವವರಲ್ಲ, ಆಜ್ಞೆಯನ್ನು ದೂರುವವರು.

ಅಶೋಕನ ಬರಹಕ್ಕೆ ಈ ಪದವನ್ನು ಅಂಟಿಸಿದ ಮೊದಲಿಗರಲ್ಲಿ ಜೇಮ್ಸ್ ಪ್ರಿನ್ಸೆಪ್ ಮುಖ್ಯರು. ೧೮೩೭ರಲ್ಲಿ ಬ್ರಾಹ್ಮೀಲಿಪಿಯ ರಹಸ್ಯವನ್ನು ಭೇದಿಸಿದ ಈ ಮಹನೀಯರು, ಮರುವರ್ಷ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಗಿರ್ನಾರ್ ಮತ್ತು ಧೌಲಿಯ ಬಂಡೆಬರಹಗಳನ್ನು ಕುರಿತು ಬರೆದ ಲೇಖನದ ತಲೆಬರಹದಲ್ಲಿಯೇ ಎಡಿಕ್ಟ್ಸ್ ಎಂಬ ಮಾತನ್ನು ಬಳಸಿದರು. ರೋಮಿನ ಚರಿತ್ರೆಯನ್ನು ಓದಿ ಬೆಳೆದ ಯೂರೋಪಿನ ವಿದ್ವಾಂಸರಿಗೆ ಚಕ್ರವರ್ತಿಯ ಬಹಿರಂಗ ವಾಕ್ಯವೆಂದರೆ ಎಡಿಕ್ಟೆಂದೇ ಹೊಳೆಯುವುದು ಸಹಜ. ಆದರೆ ಎಲ್ಲರೂ ಹಾಗೆ ಮಾಡಲಿಲ್ಲ. ೧೮೭೭ರಲ್ಲಿ ಕನ್ನಿಂಗ್‌ಹ್ಯಾಮರೂ ೧೯೨೫ರಲ್ಲಿ ಹುಲ್ಷರೂ ಅಶೋಕನ ಬರಹಗಳ ಸಂಪುಟಗಳನ್ನು ಹೊರತಂದಾಗ, ಮುಖಪುಟದ ಮೇಲೆ ಅವರು ಬರೆಸಿದ್ದು ಇನ್‌ಸ್ಕ್ರಿಪ್ಷನ್ಸ್ ಎಂಬ ಸಾಧು ಪದವನ್ನು. ಎಡಿಕ್ಟೆಂದರೆ ತೀರ್ಪು ಕೊಟ್ಟಂತೆ. ಇನ್‌ಸ್ಕ್ರಿಪ್ಷನ್ ಎಂದರೆ ಕೊರೆದ ಬರಹವೆಂಬಷ್ಟೇ ಅರ್ಥ.

ಅದಿರಲಿ, ಬಂಡೆಯು ತನ್ನನ್ನು ತಾನು ಏನೆಂದು ಕರೆದುಕೊಂಡಿದೆ? ದೊಡ್ಡ ಬಂಡೆಬರಹಗಳಲ್ಲಿಯೂ ಕಂಬದ ಬರಹಗಳಲ್ಲಿಯೂ ಅಶೋಕನು 'ಧಂಮಲಿಪಿ' ಎನ್ನುತ್ತಾನೆ. ಲಿಪಿಯೆಂಬ ಪದವು ಪಾಣಿನಿಗೆ ತಿಳಿದಿತ್ತು. ಮೂರನೆಯ ಅಧ್ಯಾಯದ ಎರಡನೆಯ ಪಾದದ ಇಪ್ಪತ್ತೊಂದನೆಯ ಸೂತ್ರದಲ್ಲಿ ಅವನು ಲಿಪಿ, ಲಿಬಿ ಎಂಬ ಎರಡು ರೂಪಗಳನ್ನೂ ಹೇಳಿ ಲಿಪಿಕರ ಶಬ್ದವನ್ನು ಸಾಧಿಸಿರುವನು. ವಾಯವ್ಯದ ಶಾಹಬಾಜ್‌ಗಢಿಯ ಬಂಡೆಯಲ್ಲಿ ಇದೇ ಪದವು 'ದಿಪಿ' ಎಂದಿದೆ. ಅದು ಪ್ರಾಚೀನ ಪಾರಸಿಕರ ಪದವೂ ಹೌದು. ಬ್ರಹ್ಮಗಿರಿಯ ಬಂಡೆಯಲ್ಲಿ ಮಾತ್ರ ಬಳಕೆಯಾಗಿರುವುದು 'ಸಾವಣ' ಎಂಬ ಬೇರೆ ಪದ. ಸಂಸ್ಕೃತದಲ್ಲಿ ಇದು ಶ್ರಾವಣ. ಕೇಳುವಂತೆ ಮಾಡುವುದು ಎಂದರ್ಥ. ಬರೆದುದು ಕಲ್ಲಿನ ಮೇಲಾದರೂ ಉದ್ದೇಶವಿರುವುದು ಕಿವಿಯ ಮೇಲೆ. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ, ಬರಹವನ್ನು ಓದಿ ಹೇಳುವವನೊಬ್ಬ, ಸುತ್ತ ನಿಂತು ಕೇಳುವವರು ಹಲವರು. ಎಡಿಕ್ಟುಮ್ ಎಂಬುದರ 'ಹೊರಗೆ ನುಡಿದುದು' ಎಂಬ ಮೂಲಾರ್ಥಕ್ಕೆ ಅಶೋಕನ ಮಾತುಗಳಲ್ಲಿ ಅತಿ ಸಮೀಪವಾದುದು ಈ ಸಾವಣವೇ. ಪ್ರಿನ್ಸೆಪ್‌ ಅವರಿಗೆ ಮೈಸೂರಿನ ಬಂಡೆಗಳು ತಿಳಿದಿರಲಿಲ್ಲ. ತಿಳಿದಿದ್ದರೆ ತಾವು ಆರಿಸಿದ ಪದಕ್ಕೆ ಅವರು ಸಂತೋಷಪಡುತ್ತಿದ್ದರೋ ಏನೋ.

ಬ್ರಹ್ಮಗಿರಿಯ ಬರಹವು ಆರಂಭವಾಗುವ ಬಗೆಯು ಇನ್ನೂ ವಿಚಿತ್ರ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ, ಎಂದರೆ ರಾಜಕುಮಾರನೂ, ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ದೊರೆಯ ಮಾತನ್ನು ತಿಳಿಸುತ್ತಾರೆ. ಕನ್ನಡಿಗರ ಹಳೆಯ ಕಾಗದಗಳಲ್ಲಿ ಉಭಯಕುಶಲೋಪರಿ ಎಂದು ಮೊದಲು ಬರೆದು ಆಮೇಲೆ ವಿಷಯಕ್ಕೆ ಬರುತ್ತಿದ್ದಂತೆಯೇ ಇದು. ಕಚೇರಿಯಿಂದ ಕಚೇರಿಗೆ ಬಂದ ಮೇಲುಕಾಗದದ ಒಕ್ಕಣೆಯನ್ನು ಬಿಟ್ಟು ಒಳಗಿನ ವಿಷಯವನ್ನಷ್ಟೆ ಕೊರೆಯಬೇಕಾಗಿದ್ದಲ್ಲಿ, ಇಲ್ಲಿಯವರು ಕುಶಲಪ್ರಶ್ನೆಯನ್ನೂ ಸೇರಿಸಿ ಕೊರೆದುಬಿಟ್ಟರು. ಗುಮಾಸ್ತೆಯ ಈ ಅತಿನಿಷ್ಠೆಯಿಂದ ಲೋಕಕ್ಕೆ ಉಪಕಾರವೇ ಆಯಿತು. ಇಸಿಲವೆಂಬ ಊರೊಂದಿತ್ತೆಂಬುದೂ, ದಕ್ಷಿಣದಲ್ಲಿ ಸುವರ್ಣಗಿರಿಯಿಂದ ರಾಜಕುಮಾರನೊಬ್ಬನು ಆಡಳಿತ ನಡೆಸುತ್ತಿದ್ದನೆಂಬುದೂ ತಿಳಿದದ್ದು ಈ ಬರಹಗಳಿಂದ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯ ಬುಡದಲ್ಲಿ ನೆಲ ಅಗೆಸಿದಾಗ, ಕಲ್ಲುಕೊಡಲಿಯ ಕಾಲದಿಂದ ಹಿಡಿದು ಸಾತವಾಹನರ ಕಾಲದವರೆಗಿನ ಜನವಸತಿಯ ಪದರಗಳು ಕಂಡುಬಂದುವು.

ಕುಶಲಪ್ರಶ್ನೆಯ ಅನಂತರ ದೊರೆಯ ಮಾತನ್ನು ಎತ್ತಿಕೊಡುವಲ್ಲಿ ಒಂದು ಭೇದವಿದೆ; ಇಡೀ ವಿಚಾರದ ಗಂಟು ಇರುವುದೂ ಅಲ್ಲಿಯೇ. ಬ್ರಹ್ಮಗಿರಿಯ ಬಂಡೆಯಲ್ಲಿ ದೇವಾನಾಂಪ್ರಿಯನು 'ಆಣಪಯತಿ' ಎಂದಿದೆ, ಆಜ್ಞಾಪಿಸುತ್ತಾನೆ ಎಂದರ್ಥ. ಒಂದು ಮೈಲಿಯಾಚೆ ಸಿದ್ಧಾಪುರದ ಬಂಡೆಯಲ್ಲಿ ಅದೇ ದೊರೆಯು 'ಹೇವಂ ಆಹ' ಎಂದಿದೆ. ಹೀಗೆ ಹೇಳುತ್ತಾನೆ ಎಂದಷ್ಟೆ ಅರ್ಥ. ಒಂದೇ ಕಾಗದದ ಎರಡು ಪ್ರತಿಗಳಲ್ಲಿ ಒಂದು ಅಪ್ಪಣೆಯಾಯಿತು, ಒಂದು ಮಾತಾಯಿತು. ಎಡಿಕ್ಟೆಂಬ ಪದದ ಪಕ್ಷಪಾತಿಗಳು ಮೊದಲನೆಯ ಬಂಡೆಯನ್ನು ಸಾಕ್ಷಿಗೆ ಕರೆಯಬಹುದು. ಎರಡನೆಯದು ಅವರಿಗೆ ಪ್ರತಿಕೂಲವಾಗಿ ನುಡಿಯುತ್ತದೆ.

ಹಾಗಾದರೆ ದೊರೆ ಹೇಳಿರುವುದಾದರೂ ಏನು? ಅಲಂಕಾರಶಾಸ್ತ್ರದಲ್ಲಿ ಮಮ್ಮಟನು ಹಿತವನ್ನು ಬೋಧಿಸುವ ಮಾತನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತ ಎಂದು ಮೂರು ಬಗೆ ಮಾಡಿರುವನು. ಒಡೆಯನಂತೆ ವಿಧಿಸುವುದು ಮೊದಲನೆಯದು. ಗೆಳೆಯನಂತೆ ತಿಳಿಯಹೇಳುವುದು ಎರಡನೆಯದು. ಮೂರನೆಯದಕ್ಕೂ ಈ ಬಂಡೆಗೂ ಸಂಬಂಧವಿಲ್ಲ. ಎಡಿಕ್ಟೆಂದರೆ ಪ್ರಭುಸಮ್ಮಿತವೆಂಬುದರಲ್ಲಿ ಸಂದೇಹವಿಲ್ಲ. ಬ್ರಹ್ಮಗಿರಿಯ ಬಂಡೆಯ ಮೊದಲ ಭಾಗದಲ್ಲಿ ಚಕ್ರವರ್ತಿಯು ತನ್ನ ಕಥೆಯನ್ನೇ ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೆ ಮೇಲಾಯಿತೆಂದೂ, ಆದರೆ ಮೊದಲು ಒಂದು ವರ್ಷ ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆ ಒಂದು ವರ್ಷಕ್ಕೂ ಮಿಗಿಲಾಗಿ ಚೆನ್ನಾಗಿ ಶ್ರಮಪಟ್ಟೆನೆಂದೂ ಒಪ್ಪಿಕೊಳ್ಳುತ್ತಾನೆ. ಈ ಫಲವು ದೊಡ್ಡವರಿಗೆ ಮಾತ್ರ ದೊರೆಯುವಂಥದಲ್ಲ, ಪ್ರಯತ್ನಿಸಿದರೆ ಸಣ್ಣವನಿಗೂ ವಿಪುಲವಾದ ಸ್ವರ್ಗವು ಲಭಿಸುವುದೆಂದು ಭರವಸೆ ಕೊಡುತ್ತಾನೆ. ತಾನು ಸೋಮಾರಿಯಾಗಿದ್ದೆನೆಂದು ಕಲ್ಲಿನ ಮೇಲೆ ಕೊರೆಸಿದ ಅರಸನು ಚರಿತ್ರೆಯಲ್ಲಿ ಅಪರೂಪ. ಇದು ಆಜ್ಞೆಯ ಧ್ವನಿಯಲ್ಲ, ಗೆಳೆಯನ ಧ್ವನಿ. ರೋಮಿನ ಪ್ರೀಟರನು ತನ್ನ ನಡತೆಯ ಬಗ್ಗೆ ಕೊಟ್ಟ ಮಾತಿಗೆ ಬೇಕಾದರೆ ಇದನ್ನು ಹೋಲಿಸಬಹುದು. ಲೂಯಿಯ ಕಟ್ಟಳೆಗೆ ಹೋಲಿಸಲಾಗದು.

ಎರಡನೆಯ ಭಾಗದಲ್ಲಿ ವಿಧಿಗಳು ಬರುತ್ತವೆ. ತಾಯಿತಂದೆಗಳ ಶುಶ್ರೂಷೆ ಮಾಡತಕ್ಕುದು, ಪ್ರಾಣಿಗಳಲ್ಲಿ ದಯೆಯನ್ನು ದೃಢಪಡಿಸಿಕೊಳ್ಳತಕ್ಕುದು, ಸತ್ಯವನ್ನಾಡತಕ್ಕುದು, ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕುದು, ಬಂಧುಗಳಲ್ಲಿ ಯಥೋಚಿತವಾಗಿ ನಡೆದುಕೊಳ್ಳತಕ್ಕುದು ಎಂದು ಮುಂತಾಗಿ. ಇಲ್ಲಿನ ಕ್ರಿಯೆಗಳೆಲ್ಲ ಸಂಸ್ಕೃತದ ತವ್ಯಪ್ರತ್ಯಯಕ್ಕೆ ಸರಿಯಾದ ಪ್ರಾಕೃತ ರೂಪಗಳು. ಪಾಣಿನಿಯು ಈ ಜಾತಿಯ ಪ್ರತ್ಯಯಗಳು ಪ್ರೇರಣೆ, ಅನುಮತಿ, ಒದಗಿದ ಸಮಯ ಎಂಬ ಮೂರು ಅರ್ಥಗಳಲ್ಲಿ ಬರುವುವೆಂದೂ, ಬೇರೊಂದು ಕಡೆ ಯೋಗ್ಯತೆಯ ಅರ್ಥದಲ್ಲಿಯೂ ಬರುವುವೆಂದೂ ಹೇಳಿರುವನು. ಆದುದರಿಂದ 'ಮಾಡತಕ್ಕುದು' ಎಂದ ಮಾತ್ರಕ್ಕೆ ದಂಡವು ಹಿಂದೆ ನಿಂತಿದೆ ಎಂದು ತಿಳಿಯಬೇಕಾಗಿಲ್ಲ. ಈ ಬಂಡೆಯಲ್ಲಿ ಮೀರಿದವನಿಗೆ ಇಂಥ ಶಿಕ್ಷೆಯೆಂಬ ಮಾತೇ ಇಲ್ಲ. ಇದು ಪುರಾತನವಾದ ನಡತೆ, ದೀರ್ಘಾಯುಷ್ಯಕ್ಕೆ ಕಾರಣವಾದುದು ಎಂಬ ಒಂದು ಕಾರಣವನ್ನು ಹೇಳಿ ಬರಹವು ನಿಲ್ಲುತ್ತದೆ. ಶಿಕ್ಷೆಯ ಬದಲು ಕಾರಣವನ್ನು ಹೇಳುವುದು ಉಪಾಧ್ಯಾಯರ ಪದ್ಧತಿ, ಅಮಲ್ದಾರರದಲ್ಲ.

ಈ ಮಾತು ಜನರ ಕಿವಿಗೆ ಹೇಗೆ ಮುಟ್ಟುತ್ತಿತ್ತೆಂಬುದು ಕರ್ನೂಲು ಜಿಲ್ಲೆಯ ಎರ‍್ರಗುಡಿಯ ಬಂಡೆಯಿಂದ ಸ್ಪಷ್ಟವಾಗುತ್ತದೆ. ಅಲ್ಲಿ ರಜ್ಜುಕನೆಂಬ ಅಧಿಕಾರಿಯು ಭೇರಿಯನ್ನು ಹೊಡೆಸಿ ಜಾನಪದರಿಗೆ ತಿಳಿಸಬೇಕೆಂದಿದೆ. ಆನೆಯವರು, ಬರಹಗಾರರು, ರಥ ನಡೆಸುವುದನ್ನು ಕಲಿಸುವವರು, ಬ್ರಾಹ್ಮಣರು, ಇವರೆಲ್ಲರ ಮೂಲಕ ಶಿಷ್ಯರಿಗೆ ಮುಟ್ಟಿಸಬೇಕೆಂದಿದೆ. ಕಳಿಂಗದ ಧೌಲಿ ಮತ್ತು ಜೌಗಡದ ಬರಹಗಳಲ್ಲಿ, ತಿಷ್ಯನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಆದರೂ ಕೇಳಿಸಬೇಕು ಎಂದಿದೆ. ಕಳಿಂಗದ ಈ ಪ್ರತ್ಯೇಕ ಬರಹಗಳ ಪ್ರತಿಯೊಂದು ೧೯೮೯ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆಯಿತು. ಚೀನಾದೇಶದ ಕಾಂಗ್‌ಷೀ ಚಕ್ರವರ್ತಿಯು ೧೬೭೦ರಲ್ಲಿ ಹೊರಡಿಸಿದ ಹದಿನಾರು ನೀತಿವಾಕ್ಯಗಳನ್ನೂ ಹೀಗೆಯೇ ತಿಂಗಳಿಗೆ ಎರಡು ಬಾರಿ ಊರುಗಳಲ್ಲಿ ಓದಿ ಹೇಳುತ್ತಿದ್ದರು. ಇಂಗ್ಲಿಷರು ಅದಕ್ಕೂ 'ಸೇಕ್ರೆಡ್ ಎಡಿಕ್ಟ್' ಎಂದೇ ಹೆಸರಿಟ್ಟರು. ಆ ಪದವೊಂದನ್ನು ಬಿಟ್ಟರೆ ಇಂಥದಕ್ಕೆ ಅವರ ಭಾಷೆಯಲ್ಲಿ ಬೇರೊಂದು ಪಾತ್ರೆ ಇರಲಿಲ್ಲವೆಂದು ತೋರುತ್ತದೆ.

ಕನ್ನಡನಾಡಿನ ಹಳ್ಳಿಗಳಲ್ಲಿ ಭೇರಿಯ ಸ್ಥಾನದಲ್ಲಿದ್ದುದು ಡಂಗುರ. ಪಾಳೆಯಗಾರರ ನಿರೂಪವಾಗಲಿ, ಆಮೇಲಿನವರ ಹುಕುಮು ತಾಕೀದುಗಳಾಗಲಿ, ಊರ ಬೀದಿಯಲ್ಲಿ ತಮಟೆ ಹೊಡೆದು ಕೂಗಿ ಹೇಳಿದ ಮೇಲೆಯೇ ಜನರ ಪಾಲಿಗೆ ಹುಟ್ಟಿದಂತೆ. ಅಚ್ಚಿನ ಗೆಜೆಟ್ಟು ಬಂದ ಮೇಲೆ ಈ ಕ್ರಮ ಸಡಿಲಿತು. ಚಳ್ಳಕೆರೆ ತಾಲ್ಲೂಕಿನಲ್ಲಿ ಇದಕ್ಕೆ ಸಮೀಪದ ಉದಾಹರಣೆಯಿದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಕಾದಿರಿಸಿದ ಕುದಾಪುರ, ಉಳ್ಳಾರ್ತಿ ಮೊದಲಾದ ಕಾವಲುಗಳಲ್ಲಿ ಸಾವಿರಾರು ಎಕರೆಗಳನ್ನು ೨೦೦೯ರಿಂದೀಚೆಗೆ ಸರ್ಕಾರವು ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನ ಸಂಸ್ಥೆ ಮುಂತಾದುವಕ್ಕೆ ಹಂಚಿಕೊಟ್ಟಿತು. ಸಂಸ್ಥೆಗಳು ಘನವಾದುವೇ, ಅವುಗಳ ಕಾರ್ಯವೂ ದೇಶಕ್ಕೆ ಬೇಕಾದುದೇ. ಆದರೆ ತಲತಲಾಂತರದಿಂದ ಅಲ್ಲಿ ಕುರಿದನಗಳನ್ನು ಮೇಯಿಸಿ, ಕಂಬಳಿ ನೇಯ್ದು ಬದುಕಿದವರು, ಬೇಲಿ ಎದ್ದ ಮೇಲೆ ತಮಗೆ ಸಂಗತಿ ತಿಳಿಯಿತೆಂದು ದೂರಿದರು. ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಗಿ ೨೦೧೪ರಲ್ಲಿ ತೀರ್ಪಾಯಿತು. ಕಾಗದದ ಮೇಲೆ ಆಜ್ಞೆಗಳೆಲ್ಲ ಇದ್ದುವು. ಅವರ ದೂರಿನ ಪ್ರಕಾರ ಇಲ್ಲದಿದ್ದುದು ಸಾವಣ. ಎಂಟು ಹತ್ತು ಹರದಾರಿಯಾಚೆ ಅಕ್ಷರಗುಂಡಿನ ಮೇಲೆ ಆ ಪದವು ಎರಡು ಸಾವಿರದ ಇನ್ನೂರು ವರ್ಷಗಳಿಂದ ಕೊರೆದಂತೆಯೇ ಇದೆ.

ಎಡಿಕ್ಟೆಂಬ ಶಬ್ದದ ಧಾತುವು ಅಶೋಕನ ಬರಹವೊಂದರಲ್ಲಿಯೇ ಸಾಕ್ಷಾತ್ತಾಗಿ ಕಾಣಿಸಿಕೊಂಡಿರುವುದು ಒಂದು ಕೌತುಕ. ೧೯೫೮ರಲ್ಲಿ ಆಫ್ಘಾನಿಸ್ತಾನದ ಕಂದಹಾರದ ಬಳಿ ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಲ್ಲಿರುವ ಅವನ ಬರಹವು ಬೆಳಕಿಗೆ ಬಂದಿತು. ಅಲ್ಲಿನ ಯವನ ಪಂಡಿತನು ಧರ್ಮವನ್ನು 'ಯುಸೆಬೈಯ' ಎಂದು ಅನುವಾದಿಸಿ, ಪಿಯೊದಾಸ್ಸೆಸ್ ದೊರೆಯು ಅದನ್ನು ಮನುಷ್ಯರಿಗೆ 'ಎಡೈಕ್ಸೆನ್', ಎಂದರೆ ತೋರಿಸಿದನು, ಎಂದು ಬರೆದಿರುವನು. ಇದು ಡೈಕ್ನುಮಿಯ ಭೂತಕಾಲದ ರೂಪ. ದಿಶ್ ಧಾತುವಿನ ಗ್ರೀಕ್ ಸೋದರಿ. ದೊರೆಯ ಜೀವಿತಕಾಲದಲ್ಲಿಯೇ, ದೊರೆಯ ಸೇವೆಯಲ್ಲಿದ್ದವನೊಬ್ಬನು ಈ ಕಾರ್ಯಕ್ಕೆ ಯವನಭಾಷೆಯಲ್ಲಿ ಪದ ಹುಡುಕಿದಾಗ, ಅವನ ಕೈಗೆ ಸಿಕ್ಕಿದುದು ಆಜ್ಞಾಪಿಸಿದನೆಂಬುದಲ್ಲ, ತೋರಿಸಿದನೆಂಬುದು. ಅದೇ ಧಾತುವಿನ ಲ್ಯಾಟಿನ್ ಮಗುವನ್ನು ಇಂಗ್ಲಿಷರು ಎರಡು ಸಾವಿರ ವರ್ಷಗಳ ತರುವಾಯ ತಂದು ಬ್ರಹ್ಮಗಿರಿಯ ಮೇಲಿಟ್ಟರು.

ಕನ್ನಡದಲ್ಲಿ ಇದಕ್ಕೆ ರಾಜಾಜ್ಞೆಯೆನ್ನುವುದಕ್ಕಿಂತ ರೂಢಿಯಲ್ಲಿರುವ ಶಾಸನವೆಂಬ ಪದವೇ ಮೇಲು. ಶಾಸ್ ಧಾತುವಿನಲ್ಲಿ ಆಳುವುದೂ ಕಲಿಸುವುದೂ ಬೆರೆತಿರುವುವು. ಶಾಸ್ತ್ರವೂ ಶಿಷ್ಯನೂ ಅದರಿಂದಲೇ ಬಂದವರು. ವ್ಯಾಕರಣಕ್ಕೆ ಶಬ್ದಾನುಶಾಸನವೆಂದೂ, ಬುದ್ಧನ ಬೋಧೆಗೆ ಶಾಸನವೆಂದೂ ಹೆಸರುಂಟು. ಇತ್ತ ಕಾನೂನು ಮಾಡುವವರು ಶಾಸಕರು. ಬ್ರಹ್ಮಗಿರಿಯ ಆಣಪಯತಿಗೂ ಸಿದ್ಧಾಪುರದ ಹೇವಂ ಆಹಕ್ಕೂ ಈ ಒಂದೇ ಪದದಲ್ಲಿ ಜಾಗವಿದೆ. ಇದಕ್ಕೆ ದೋಷವಿಲ್ಲದಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನು ಕೆರೆಯ ವಿಚಾರವಾಗಿ ಕೊರೆಸಿದುದೂ ಶಾಸನವೇ, ದಾನಪತ್ರವೂ ಶಾಸನವೇ, ವೀರಗಲ್ಲಿನ ಬರಹವೂ ಶಾಸನವೇ. ಕೇಳಿದವರಿಗೆ ಯಾವುದೆಂದು ಬಿಡಿಸಿ ಹೇಳಬೇಕಾಗುತ್ತದೆ. ಧರ್ಮಲಿಪಿಯೆಂದರೆ ಆ ತೊಡಕಿಲ್ಲ. ಆದರೆ ಬ್ರಹ್ಮಗಿರಿಯ ಬಂಡೆಯಲ್ಲಿ ಆ ಪದವಿಲ್ಲ.

ಬಂಡೆಯ ಕೊನೆಯಲ್ಲಿ ಬರೆದವನ ಹೆಸರಿದೆ. ಅವನು ಚಪಡ. ಅವನು ಇದನ್ನು ಆಜ್ಞೆಯೆಂದೂ ಸಾವಣವೆಂದೂ ಕರೆಯದೆ, ಚಪಡನು ಬರೆದನು, ಲಿಪಿಕರನು, ಎಂದಷ್ಟೇ ಹೇಳಿ ಮುಗಿಸಿದನು. ಬರಹವೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿದ್ದರೆ, 'ಲಿಪಿಕರೇಣ' ಎಂಬ ಕಡೆಯ ಐದು ಅಕ್ಷರಗಳು ಮಾತ್ರ ಬಲದಿಂದ ಎಡಕ್ಕೆ, ವಾಯವ್ಯದ ಖರೋಷ್ಠಿಯಲ್ಲಿವೆ. ಇಸಿಲದ ಮಹಾಮಾತ್ರರಲ್ಲಿ ಅವನ್ನು ಓದಬಲ್ಲವರು ಯಾರಾದರೂ ಇದ್ದರೋ ಇಲ್ಲವೋ, ಚಪಡನಂತೂ ತನ್ನ ಕಸಬಿನ ಹೆಸರನ್ನು ತನಗೆ ಪ್ರಿಯವಾದ ಲಿಪಿಯಲ್ಲಿಯೇ ಬರೆದು ಹೋದನು.